ಸೋಮವಾರ ತಾವು ಬಾಗಿಲು ತೆರೆಯದ ಬಗ್ಗೆ

ಆದೋನಿ,
ಗುರುವಾರ

ಹಿಂದಿನ ಪಡಸಾಲೆಯ ಮೂಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ವಿರಾಜಮಾನರಾಗಿರುವ, ಎಂಟು ಕೆಜಿ ಒಗೆದು ಐದು ಕೆಜಿ ಒಣಗಿಸುವ ವಾಷಿಂಗ್ ಮೆಷಿನ್ ಅವರ ಗಾಜಿನ ಸನ್ನಿಧಿಗೆ,

ಮಾನ್ಯರೇ,

ಹತ್ತಿ ದಲಾಲಿ ಸಿದ್ದಬಸಪ್ಪನ ಅನಂತ ನಮಸ್ಕಾರಗಳು. ತಮ್ಮ ನಾಲ್ಕೂ ಕಾಲುಗಳು ನೆಲಕ್ಕೆ ಸಮನಾಗಿ ಊರಿಕೊಂಡಿವೆ, ನೀರಿನ ಪೈಪು ಸೋರುತ್ತಿಲ್ಲ, ಸೊಸೆ ಹೊದಿಸಿದ ಹೂವಿನ ಹೊದಿಕೆ ತಮ್ಮ ಮೈಗೆ ಒಪ್ಪಿದೆ ಎಂದು ನಂಬಿದ್ದೇನೆ. ಏಳು ತಿಂಗಳಿಂದ ಒಂದೇ ಸೂರಿನಡಿ ಬದುಕುತ್ತಿದ್ದರೂ ನಮ್ಮ ನಡುವೆ ಪತ್ರ ವ್ಯವಹಾರ ಇದೇ ಮೊದಲು. ಎದುರೆದುರು ಮಾತಾಡಿ ಬಗೆಹರಿಸಿಕೊಳ್ಳಲು ನಾನು ಪ್ರಯತ್ನಿಸದೆ ಇಲ್ಲ. ಹೋದ ಸೋಮವಾರ ಸುಮಾರು ಆರು ಗಂಟೆಗಳ ಕಾಲ ತಮ್ಮೊಡನೆ ನಾನಾ ಧ್ವನಿಯಲ್ಲಿ ಮಾತಾಡಿದೆ, ಬೇಡಿಕೊಂಡೆ, ಕೊನೆಗೆ ಬೈದೆ ಕೂಡ. ತಾವು ಎಲ್ಲಕ್ಕೂ ನಾಲ್ಕು ಸಲ ಕುಂಯ್‌ಗುಟ್ಟಿ ಸುಮ್ಮನಾದಿರಿ. ಹಾಗಾಗಿ ಬರವಣಿಗೆಯ ಮೊರೆ ಹೋಗಿದ್ದೇನೆ.

ದೂರು ಏನೆಂಬುದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ. ಸೋಮವಾರ ಬೆಳಿಗ್ಗೆ ಎಂಟೂಕಾಲಿನಿಂದ ಮಧ್ಯಾಹ್ನ ಎರಡೂವರೆಯವರೆಗೆ ತಾವು ನನ್ನ ಹೆಂಡತಿ ವೀರಬಸಮ್ಮನ ಇಷ್ಟಲಿಂಗವನ್ನು ಹೊಟ್ಟೆಯೊಳಗಿಟ್ಟುಕೊಂಡು ಬಾಗಿಲು ಹಾಕಿಕೊಂಡಿರಿ. ಆಕೆ ಮಾಧವರಂನ ತವರಿನಲ್ಲಿ ಆರು ವರ್ಷದ ಹುಡುಗಿಯಾಗಿದ್ದಾಗ ಮಠದ ಅಯ್ಯನವರು ಕೊರಳಿಗೆ ಕಟ್ಟಿದ ಲಿಂಗ ಅದು. ಅಂದಿನಿಂದ ಐವತ್ತಾರು ವರ್ಷ, ಬೆಳಿಗ್ಗೆ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ ಮತ್ತೆ ಕೊರಳಿಗೆ ಕಟ್ಟಿಕೊಳ್ಳದೆ ಆಕೆ ಒಂದು ಗುಟುಕು ನೀರು ಕುಡಿದವಳಲ್ಲ. ಈಗ ಆಕೆಗೆ ಸಕ್ಕರೆ ಕಾಯಿಲೆ ಬೇರೆ. ಒಂಬತ್ತರೊಳಗೆ ಮಾತ್ರೆ ನುಂಗಬೇಕು, ಮಾತ್ರೆಯ ಬೆನ್ನಿಗೇ ಹೊಟ್ಟೆಗೆ ಏನಾದರೂ ಬೀಳಬೇಕು. ಈ ಎಲ್ಲ ಸಂಗತಿಗಳನ್ನು ಅಂದೇ ಗಾಜಿಗೆ ಬಾಯಿಟ್ಟು ತಮ್ಮ ಗಮನಕ್ಕೆ ತಂದಿದ್ದೆ.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಅನುಮಾನವಿದೆ ಎಂದು ತಿಳಿಯಬಾರದು. ಬೇಸಿಗೆಯಲ್ಲಿ ಒದ್ದೆ ಪಂಚೆಯನ್ನು ಕೊಡವುವಷ್ಟರಲ್ಲಿ ಅರ್ಧ ಒಣಗಿಬಿಡುವ ನಮ್ಮ ಊರಿಗೆ, ಬಟ್ಟೆ ಒಣಗಿಸಲು ಕರೆಂಟು ತಿನ್ನುವ ಯಂತ್ರವೊಂದು ಬಂದಿಳಿದಾಗ ಓಣಿಯವರು ನಕ್ಕಿದ್ದು ನಿಜ. ಆದರೆ ನಕ್ಕವರ ಮನೆಯಲ್ಲಿ ವೀರಬಸಮ್ಮನ ಮೊಣಕಾಲಿರಲಿಲ್ಲ. ನಮ್ಮ ಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹತ್ತಿ, ಮೇಲೆ ಹರವಿ ಬಂದರೆ, ಸುಗ್ಗಿಯ ದಿನಗಳಲ್ಲಿ ಹಿಂದಿನ ಓಣಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ಹಾರಿ ಬಂದ ಅರಳೆಯ ನವಿರು ಪ್ರತಿ ಬಟ್ಟೆಯ ಮೇಲೂ ಕೂತಿರುತ್ತಿತ್ತು; ಅದನ್ನು ಕೊಡವಲು ಮತ್ತೊಮ್ಮೆ ಇಪ್ಪತ್ತೆರಡು ಮೆಟ್ಟಿಲು. ಇದನ್ನೆಲ್ಲ ನೋಡಿದ ಸೊಸೆ ತ್ರಿವೇಣಿ, ಕೌತಾಳಂ ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ತಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದಳು. ತಮಗೆ ಆರತಿ ಎತ್ತಿ ಒಳಗೆ ಕರೆದುಕೊಂಡಿದ್ದು ತಮಗೆ ನೆನಪಿರಬೇಕು.

ತಂದದ್ದು ಹೆಂಡತಿಯ ಮೊಣಕಾಲಿಗಾದರೂ ತಮ್ಮ ಸೇವೆಯನ್ನು ಮೊದಲ ದಿನವೇ ನಾನು ವಹಿಸಿಕೊಂಡೆ. ಗುಂಡಿಗಳಿರುವ ಯಾವ ವಸ್ತುವನ್ನೂ ಗಂಡಸು ಬಿಟ್ಟುಕೊಡುವುದಿಲ್ಲ ಎಂದು ಮನೆಯ ಹೆಂಗಸರು ಹೇಳುತ್ತಾರೆ, ಹೇಳಲಿ. ತಮ್ಮ ಹಣೆಯ ಮೇಲೆ ಹದಿನಾಲ್ಕು ಬಗೆಯ ಒಗೆತಗಳ ಹೆಸರುಗಳಿವೆ. ನಲವತ್ತು ವರ್ಷ ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಬೆರಳಿನಿಂದ ಎಳೆ ಎಳೆದು ಹತ್ತಿಗೆ ದರ ಹೇಳಿದವನು ‘ಕಾಟನ್’ ಎಂಬ ಗುಂಡಿ ಕಣ್ಣೆದುರಿಗಿರುವಾಗ ‘ಸಿಂಥೆಟಿಕ್’ ಎಂಬುದರ ಮೇಲೆ ಬೆರಳಿಟ್ಟರೆ ಅಪ್ಪ ಅಜ್ಜಂದಿರು ಏನೆಂದುಕೊಂಡಾರು? ಹಾಗಾಗಿ ಈ ಏಳು ತಿಂಗಳೂ ಈ ಮನೆಯ ಪ್ರತಿಯೊಂದು ಬಟ್ಟೆಯೂ ಅರವತ್ತು ಡಿಗ್ರಿ ಬಿಸಿಯಲ್ಲಿ ಹತ್ತಿಯೆಂದೇ ಒಗೆಸಿಕೊಂಡಿದೆ. ತ್ರಿವೇಣಿಯ ಒಂದು ಸೀರೆ ಈ ನಿಷ್ಠೆಯನ್ನು ತಾಳಲಾರದೆ ಮೊಳದಷ್ಟು ಕುಗ್ಗಿತು. ಆಕೆ ಅದನ್ನು ಮಡಿಚಿ ಟ್ರಂಕಿನಲ್ಲಿಟ್ಟಳೇ ಹೊರತು ಮಾವನಿಗೆ ಏನೂ ಹೇಳಲಿಲ್ಲ, ಅದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಈಗ ನನ್ನ ಜೇಬಿನ ವಿಷಯ ಹೇಳಲೇಬೇಕು, ಹೇಳದಿದ್ದರೆ ಮುಂದಿನದು ತಮಗೆ ಅರ್ಥವಾಗಲಿಕ್ಕಿಲ್ಲ. ಅಂಗಡಿಯನ್ನು ಈಗ ಮಗ ವಾಗೀಶ ನೋಡಿಕೊಳ್ಳುತ್ತಾನಾದರೂ ವಾರಕ್ಕೆರಡು ದಿನ ನಾನು ಯಾರ್ಡಿಗೆ ಹೋಗಿ ಬರುತ್ತೇನೆ. ಹೋದಲ್ಲೆಲ್ಲ ರಾಶಿಯೊಳಗೆ ಕೈ ಹಾಕಿ ಒಂದು ಚಿಟಿಕೆ ಹತ್ತಿ ತೆಗೆಯುವುದು, ಎರಡು ಹೆಬ್ಬೆರಳ ನಡುವೆ ಎಳೆದು ಉದ್ದ ನೋಡುವುದು, ನೋಡಿದ್ದನ್ನು ಎಸೆಯಲು ಮನಸ್ಸು ಬಾರದೆ ಬೀಜ ಸಮೇತ ಜುಬ್ಬದ ಜೇಬಿಗೆ ತುರುಕುವುದು, ಇದು ನಮ್ಮ ಕಸುಬಿನವರೆಲ್ಲರ ಕೈಗಂಟಿದ ಚಾಳಿ. ತಮಗಿಂತ ಮೊದಲು ನಮ್ಮ ಬಟ್ಟೆ ಒಗೆಯುತ್ತಿದ್ದ ಮಾರೆಮ್ಮ ಬಟ್ಟೆಯನ್ನು ನೀರಿಗೆ ಅದ್ದುವ ಮೊದಲು ಪ್ರತಿ ಜೇಬಿಗೂ ಕೈ ಹಾಕುತ್ತಿದ್ದಳು. ಹಿಡಿ ಹತ್ತಿಯನ್ನು ಕಲ್ಲಿನ ಮೇಲಿಟ್ಟು, “ಸಾವ್ಕಾರ್ರ, ನಿಮ್ಮ ಜೇಬಿನಾಗ ಅರ್ಧ ಮಾರ್ಕೆಟ್ ಐತಿ ನೋಡ್ರಿ” ಅನ್ನುತ್ತಿದ್ದಳು. ವೀರಬಸಮ್ಮನೂ ಮದುವೆಯಾದಾಗಿನಿಂದ ದಿನಾ ಇದೇ ಜೇಬಿನ ಬಗ್ಗೆ ನನ್ನನ್ನು ಬೈಯುತ್ತ ಬಂದಿದ್ದಾಳೆ. ಮಾರೆಮ್ಮ ಚಿಪ್ಪಗಿರಿಯ ಮಗಳ ಮನೆಗೆ ಹೋದಳು, ತಾವು ಬಂದಿರಿ. ಇಷ್ಟು ದೊಡ್ಡ ಬಾಯಿ, ಇಷ್ಟು ದೊಡ್ಡ ಹೊಟ್ಟೆ, ಹದಿನಾಲ್ಕು ಬಗೆಯ ಬುದ್ಧಿ ಕೊಟ್ಟ ತಮ್ಮ ತಯಾರಕರು ಜೇಬು ನೋಡಲು ಒಂದೇ ಒಂದು ಕೈಯನ್ನು ಕೊಡಲಿಲ್ಲವಲ್ಲ, ಇದು ನನ್ನ ಮೊದಲನೆಯ ನಮ್ರ ಆಕ್ಷೇಪ.

ತ್ರಿವೇಣಿ ತಮ್ಮ ಪಕ್ಕದ ಗೋಡೆಗೆ ದುಂಡಕ್ಷರದಲ್ಲಿ ಬರೆದು ಒಂದು ಹಾಳೆ ಅಂಟಿಸಿದ್ದಾಳೆ. ಒಗೆದ ಮೇಲೆ ಬಾಗಿಲ ರಬ್ಬರು ಒರೆಸಬೇಕು, ನಮ್ಮ ಬೋರಿನ ಉಪ್ಪುನೀರಿಗೆ ತಿಂಗಳಿಗೊಮ್ಮೆ ಪುಡಿ ಹಾಕಿ ಖಾಲಿ ತಿರುಗಿಸಬೇಕು, ತಿಂಗಳಿಗೊಮ್ಮೆ ಕೆಳಗಿನ ಫಿಲ್ಟರು ಬಿಚ್ಚಿ ತೊಳೆಯಬೇಕು, ಹೀಗೆ. ಓದಿದ್ದೆ. ಊರಿನ ಬಟ್ಟೆಯನ್ನೆಲ್ಲ ತೊಳೆಯುವ ಮಹನೀಯರನ್ನೇ ನಾನು ತೊಳೆಯುವುದು ತಮ್ಮ ಗೌರವಕ್ಕೆ ಕುಂದು ಎಂದು ಭಾವಿಸಿ ಆ ಹಾಳೆಯನ್ನು ಗೋಡೆಯ ಅಲಂಕಾರವೆಂದು ಬಿಟ್ಟುಬಿಟ್ಟೆ. ಕೆಳಗಿನ ಫಿಲ್ಟರು ಎಲ್ಲಿದೆ ಎಂಬುದು ಸೋಮವಾರದವರೆಗೂ ನನಗೆ ತಿಳಿದಿರಲಿಲ್ಲ.

ಇನ್ನು ಸೋಮವಾರ. ಬೆಳಿಗ್ಗೆ ವೀರಬಸಮ್ಮ ಸ್ನಾನ ಮುಗಿಸಿ ಪೂಜೆಗೆ ಕೂರುವ ಹೊತ್ತಿಗೆ ಆಕೆಯ ಶಿವದಾರ ಹರಿಯಿತು. ಹರಿದ ದಾರದಲ್ಲಿ ಲಿಂಗ ಕಟ್ಟಿಕೊಳ್ಳುವಂತಿಲ್ಲ. ಆಕೆ ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ, ಗಂಟು ಹಾಕಿ, ಪೂಜೆಯ ಮಣೆಯ ಮೇಲಿಟ್ಟು, ಹೊಸ ದಾರ ತರಲು ಪಕ್ಕದ ಮನೆಯ ಲಿಂಗಕ್ಕನ ಬಳಿಗೆ ಹೋದಳು. ಎಂಬತ್ತು ದಾಟಿದ ಲಿಂಗಕ್ಕ ಇವತ್ತಿಗೂ ಓಣಿಗೆಲ್ಲ ಶಿವದಾರ ಹೊಸೆದು ಕೊಡುತ್ತಾರೆ. ಅದೇ ಹೊತ್ತಿನಲ್ಲಿ ನಾನು, ಉಗ್ಗಾಣಿ ಮಿರ್ಚಿ ತಿಂದು ಗೆಲುವಾಗಿ, ಶನಿವಾರದ ಜುಬ್ಬವನ್ನು ತಮ್ಮ ಬಾಯಿಗಿಟ್ಟು, ಹೊಟ್ಟೆ ಇನ್ನೂ ಅರ್ಧ ಖಾಲಿ ಇದೆಯಲ್ಲ ಎಂದು ಮರುಗುತ್ತಿದ್ದೆ. ಅರ್ಧ ಹೊಟ್ಟೆಗೆ ತಮ್ಮನ್ನು ದುಡಿಸಬಾರದು ಎಂದು ತಮ್ಮ ಜೊತೆ ಬಂದ ಪುಸ್ತಕದಲ್ಲೇ ಬರೆದಿತ್ತು. ಬಿಳಿ ಬಟ್ಟೆ ಹುಡುಕುತ್ತ ಮನೆಯೆಲ್ಲ ಸುತ್ತಿದೆ. ಎರಡು ದಿಂಬಿನ ಚೀಲ, ಟವೆಲ್ಲು, ದೇವರ ಕೋಣೆಯ ಗೂಟದ ಮೇಲಿನ ಮಡಿಪಂಚೆ, ಅದರ ಕೆಳಗಿನ ಮಣೆಯ ಮೇಲೆ ಕಂಡ ಬಿಳಿಯ ಗಂಟು, ಎಲ್ಲವನ್ನೂ ಒಂದೇ ತೆಕ್ಕೆಯಲ್ಲಿ ತಂದು ತಮಗೆ ಅರ್ಪಿಸಿದೆ. ಗುಂಡಿ ಒತ್ತಿದೆ. ತಾವು ಕಟಕ್ಕೆಂದು ಅಗಳಿ ಹಾಕಿಕೊಂಡು ತಿರುಗತೊಡಗಿದಿರಿ.

ಎಂಟೂ ನಲವತ್ತಕ್ಕೆ ಆಕೆ ಹೊಸ ದಾರ ಹಿಡಿದು ಬಂದಳು. “ಮಣಿ ಮ್ಯಾಲಿಟ್ಟಿದ್ದೆ, ಲಿಂಗ ಎಲ್ಲೈತ್ರಿ?” ಎಂದು ಕೇಳಿದಳು. ನಾನು ತಮ್ಮ ಕಡೆ ನೋಡಿದೆ. ಆಕೆಯೂ ನೋಡಿದಳು. ನೊರೆಯ ನಡುವೆ ನನ್ನ ಜುಬ್ಬ ಬಂತು, ಟವೆಲ್ಲು ಬಂತು, ಪಂಚೆ ಬಂತು, ಅವುಗಳ ಹಿಂದೆ ಗಾಜಿಗೆ ತಾಗಿಕೊಂಡು ಆ ಪುಟ್ಟ ಗಂಟು ಬಂದು ಮೇಲೇರಿ ಹೋಯಿತು. ನಾನು ಓಡಿ ಹೋಗಿ ನಿಲ್ಲಿಸುವ ಗುಂಡಿ ಒತ್ತಿದೆ. ತಾವು ನಿಂತಿರಿ, ಅದು ತಮ್ಮ ದೊಡ್ಡತನ. ಬಾಗಿಲು ಮಾತ್ರ ತೆಗೆಯಲಿಲ್ಲ.

ನಾನು ಕೌತಾಳಂಗೆ ಫೋನು ಮಾಡಿದೆ. ಇಲ್ಲಿ ನನ್ನದೊಂದು ತಪ್ಪಿದೆ, ಬರೆದುಬಿಡುತ್ತೇನೆ. ಒಳಗೆ ಏನು ಸಿಕ್ಕಿಕೊಂಡಿದೆ ಎಂದು ಸೊಸೆಗೆ ಹೇಳಲು ನಾಚಿಕೆಯಾಗಿ, ಒಂದು ಬಟ್ಟೆ ಅರ್ಜೆಂಟಾಗಿ ಬೇಕಾಗಿದೆ ಎಂದಷ್ಟೇ ಹೇಳಿದೆ. ಪಾಪ, ಆಕೆ ತರಗತಿಯಿಂದ ಹೊರಗೆ ಬಂದು, “ನೀರು ಒಳಗಿದ್ರ ಬಾಗಿಲು ತೆಗಿಯಂಗಿಲ್ಲ ಮಾವಾರ, ಸ್ಪಿನ್ ಒತ್ರಿ, ನೀರು ಹೋಗಿ ಜೋರಾಗಿ ತಿರುಗತೈತಿ, ಆಮ್ಯಾಲೆ ತಾನಾ ತೆಗೀತೈತಿ” ಎಂದಳು. ಒತ್ತಿದೆ. ತಾವು ಗೊರಗೊರ ಎಂದು ನರಳಿದಿರಿ, ಹಣೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರವನ್ನೂ ನಾಲ್ಕರ ಅಂಕಿಯನ್ನೂ ಬರೆದುಕೊಂಡಿರಿ, ನಾಲ್ಕು ಸಲ ಕುಂಯ್‌ಗುಟ್ಟಿದಿರಿ. ನೀರೂ ಇಳಿಯಲಿಲ್ಲ, ತಾವೂ ತಿರುಗಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಅದೇ. ಹನ್ನೊಂದು ಸಲ ಒತ್ತಿದ್ದೇನೆ, ಹನ್ನೊಂದು ಸಲವೂ ತಾವು ನನ್ನ ಮಾತನ್ನು ತಳ್ಳಿಹಾಕಿದಿರಿ. ಆ ಸಿಟ್ಟು ಬಹಳ ಹೊತ್ತು ನನ್ನಲ್ಲಿತ್ತು.

ಆಮೇಲೆ ತಮ್ಮ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಕನ್ನಡಕ್ಕೆ ಯಾವ ಅಂಕಿಯೂ ಇರಲಿಲ್ಲವಾದ್ದರಿಂದ ತೆಲುಗಿನ ಅಂಕಿ ಒತ್ತಿದೆ. ಆಂಧ್ರದಲ್ಲಿರುವ ಆದೋನಿಯವನಿಗೆ ಅದೇನೂ ಕಷ್ಟವಲ್ಲ. ಬಹಳ ಮೃದುವಾದ ದನಿಯ ಹುಡುಗಿಯೊಬ್ಬಳು, “ಲೋಪಲ ಏಮುಂದಿ ಸರ್?” ಎಂದು ವಿಚಾರಿಸಿದಳು. ಒಳಗೇನಿದೆ ಎಂದು ಕೇಳಿದವರಿಗೆ ಸುಳ್ಳು ಹೇಳಬಾರದೆಂದು, “ದೇವುಡು ಉನ್ನಾಡಮ್ಮಾ”, ದೇವರಿದ್ದಾನೆ ತಾಯಿ, ಎಂದೆ. ಆಕೆ, ಬಾಗಿಲು ತೆರೆಯದಿರುವುದು ನನ್ನ ಸುರಕ್ಷತೆಗಾಗಿಯೇ ಇರುವ ಸೌಲಭ್ಯವೆಂದು ತಿಳಿಸಿ, ನಲವತ್ತೆಂಟು ಗಂಟೆಗಳೊಳಗೆ ಮನುಷ್ಯ ಬರುತ್ತಾನೆಂದು ಭರವಸೆ ಕೊಟ್ಟಳು. ಕೂಡಲೇ ಬಂದ ಸಂದೇಶದಲ್ಲಿ ನನ್ನ ದೂರನ್ನು ‘ಡ್ರಮ್ಮಿನಲ್ಲಿ ಬೇಡದ ವಸ್ತು’ ಎಂದು ನಮೂದಿಸಲಾಗಿತ್ತು. ಅದನ್ನು ವೀರಬಸಮ್ಮನಿಗೆ ಓದಿ ಹೇಳುವ ಧೈರ್ಯ ನನಗಾಗಲಿಲ್ಲ.

ಆಕೆ ಅಷ್ಟರಲ್ಲಿ ತಮ್ಮ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ನೊರೆ ತಗ್ಗಿ ಗಂಟು ಗಾಜಿನ ಕೆಳಗಿನ ಅಂಚಿಗೆ ಬಂದು ನಿಂತಿತ್ತು. “ನಾ ಹಾಕಿದ ಗಂಟು ಬಿಚ್ಚಿಲ್ಲ ನೋಡ್ರಿ” ಎಂದಳು, ಅಷ್ಟೇ. ನನ್ನ ಲಿಂಗವನ್ನು ಕೊಡುತ್ತೇನೆ, ಅದನ್ನೇ ಅಂಗೈಯಲ್ಲಿಟ್ಟು ಇವತ್ತಿನ ಪೂಜೆ ಮುಗಿಸು ಎಂದೆ. “ನಿಮ್ದು ನಿಮಗ, ನಂದು ನನಗ” ಎಂದಳು. ಲಿಂಗಕ್ಕ ಕೋಲೂರಿಕೊಂಡು ಬಂದು ನೋಡಿ, ಕಣ್ಣಿಗಂತೂ ಕಾಣುತ್ತಿದೆಯಲ್ಲ, ಇದ್ದಲ್ಲಿಂದಲೇ ನೆನೆಸಿಕೋ ಎಂದರು. ಹಾಗಾಗಿ ವೀರಬಸಮ್ಮ ತಮ್ಮ ಗಾಜಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚಿದಳು, ಬಿಲ್ವದೆಲೆಯನ್ನು ರಬ್ಬರಿನ ಸಂದಿಯಲ್ಲಿ ಸಿಕ್ಕಿಸಿದಳು, ಊದುಬತ್ತಿಯನ್ನು ಸೋಪಿನ ಡಬ್ಬಿಯ ಮೇಲೆ ಚುಚ್ಚಿದಳು. ಐದೈದು ನಿಮಿಷಕ್ಕೆ ತಾವು ಕುಂಯ್‌ಗುಟ್ಟಿದಾಗಲೆಲ್ಲ ಗಂಟೆ ಬಾರಿಸಿದಂತಾಗಿ ಲಿಂಗಕ್ಕ ಕೈ ಮುಗಿಯುತ್ತಿದ್ದರು. ಮಾರಾಟವಾದ ತಮ್ಮ ಬಂಧುಬಳಗದಲ್ಲಿ ಇಂಥ ಭಾಗ್ಯ ಇನ್ಯಾರಿಗಾದರೂ ಸಿಕ್ಕಿದೆಯೇ ಎಂದು ಕಂಪನಿಯನ್ನು ವಿಚಾರಿಸಿ ನೋಡಿ.

ಆದರೆ ಪೂಜೆ ಎಷ್ಟು ಮಾಡಿದರೂ ಲಿಂಗ ಮೈಮೇಲೆ ಬರುವ ತನಕ ನೀರು ಮುಟ್ಟುವುದಿಲ್ಲ ಎಂದಳು. ಮಾತ್ರೆ ತಟ್ಟೆಯಲ್ಲೇ ಉಳಿಯಿತು. ಹತ್ತಾಯಿತು, ಹನ್ನೊಂದಾಯಿತು. ಒಂದು ಚಮಚ ನೀರಾದರೂ ಕುಡಿ ಎಂದು ನಾನು ಕೈ ಮುಗಿದೆ. “ಮೂರು ಬಾಣಂತನದಾಗ ಬಿಟ್ಟಿಲ್ಲ, ನಮ್ಮವ್ವ ತೀರಿದ ದಿನಾ ಬಿಟ್ಟಿಲ್ಲ, ಇವತ್ತ ನಿಮ್ಮ ಮಿಷಿನ್ ಸಲುವಾಗಿ ಬಿಡ್ಲಾ?” ಎಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹನ್ನೆರಡೂವರೆಗೆ ಆಕೆಯ ಕೈಬೆರಳು ಸಣ್ಣಗೆ ನಡುಗುವುದನ್ನು ಕಂಡೆ, ಹಣೆಯಲ್ಲಿ ತಣ್ಣನೆ ಬೆವರು ಕಂಡೆ. ಮಾನ್ಯರೇ, ನನಗೆ ಹೆದರಿಕೆಯಾಯಿತು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ.

ಆಗ ನಾನು ಹಿತ್ತಲಿನಿಂದ ಹಾರೆ ತಂದು ತಮ್ಮ ಎದುರು ನಿಂತದ್ದನ್ನು ತಾವು ತಪ್ಪಾಗಿ ತಿಳಿಯಬಾರದು, ಗೌರವವಂದನೆ ಎಂದೇ ಭಾವಿಸಬೇಕು. ಗಾಜು ಒಡೆದರೆ ಚೂರು ಲಿಂಗದ ಮೇಲೆಯೇ ಬೀಳುತ್ತದೆ ಎಂದು ವೀರಬಸಮ್ಮ ನನ್ನ ಪಂಚೆಯ ಚುಂಗು ಹಿಡಿದು ಕೂರಿಸಿದಳು. ತಾವು ಉಳಿದದ್ದು ಆಕೆಯಿಂದ. ಹಾರೆ ಕೆಳಗಿಟ್ಟೆ, ಬೆಳಗಿನಿಂದ ಬಚ್ಚಿಟ್ಟಿದ್ದ ಮಾನವನ್ನೂ ಕೆಳಗಿಟ್ಟೆ, ಅಂಗಡಿಗೆ ಫೋನು ಮಾಡಿ ವಾಗೀಶನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವನು ಕೂಡಲೇ ಹಿಂದಿನ ಓಣಿಯ ಜಿನ್ನಿಂಗ್ ಮಿಲ್ಲಿನ ಫಿಟ್ಟರ್ ಉರುಕುಂದನನ್ನು ಕಳಿಸಿದ.

ಉರುಕುಂದ ಬಟ್ಟೆ ಒಗೆಯುವ ಯಂತ್ರವನ್ನು ಅದುವರೆಗೆ ಬಿಚ್ಚಿದವನಲ್ಲ. ಬಂದವನೇ ಪ್ಲಗ್ಗು ಕಿತ್ತು, ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮಂಡಿಯೂರಿ ಕೂತ. “ಹತ್ತಿ ಮಿಷಿನ್ ನಿಂತ್ರ ನಾವು ಮೊದ್ಲು ಎಲ್ಲಿ ಕಟ್ಟೈತಿ ಅಂತ ನೋಡ್ತೀವ್ರಿ. ಇದೂ ಹಂಗಾ ಇರಬೇಕು” ಎಂದು, ತಮ್ಮ ಬಲಗಾಲಿನ ಹತ್ತಿರ ಏಳು ತಿಂಗಳಿಂದ ನಾನು ಕಾಣದ ಒಂದು ಪುಟ್ಟ ಮುಚ್ಚಳವನ್ನು ತೆರೆದ. ಒಳಗಿನಿಂದ ಸಣ್ಣ ಕೊಳವೆಯೊಂದನ್ನು ಎಳೆದ. ನೀರು ಬರತೊಡಗಿದ್ದೇ ವೀರಬಸಮ್ಮ ಎದ್ದು ನಿಂತಳು. ಬೆಳಗಿನಿಂದ ಲಿಂಗ ಮುಳುಗಿದ್ದ ನೀರು ಅದು, ಅದನ್ನು ತುಳಿಯುವಂತಿಲ್ಲ, ಬಚ್ಚಲಿಗೆ ಬಿಡುವಂತಿಲ್ಲ ಎಂದಳು. ಸೋಪಿನ ನೀರಲ್ಲವೇ ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, ಸೋಪು ಹಾಕಿದವರು ಯಾರು ಎಂದು ಲಿಂಗಕ್ಕ ನನ್ನನ್ನು ಕೇಳಿದರು. ತಾಮ್ರದ ಕೊಡಗಳು ಬಂದವು. ಉರುಕುಂದ ಒಂದು ಹನಿ ಚೆಲ್ಲದಂತೆ ಕೊಡ ತುಂಬಿಸಿದ, ನಾನು ಹೊತ್ತೊಯ್ದು ಹಿತ್ತಲ ಬೇವಿನ ಬುಡಕ್ಕೆ ಹಾಕಿದೆ. ಬಿಲ್ವಕ್ಕೆ ಹಾಕಿದರೆ ಸೋಪಿಗೆ ಗಿಡ ಸತ್ತೀತೆಂದು ಬೇವಾಗಿತ್ತು. ಎರಡು ಕೊಡ, ಒಂದು ಚೊಂಬು. ಬೇವು ಇನ್ನೂ ಬದುಕಿದೆ.

ನೀರು ನಿಂತ ಮೇಲೆ ಅವನು ಬಿರಡೆಯಂಥ ಫಿಲ್ಟರನ್ನು ತಿರುವಿ ಹೊರಗೆಳೆದ. ಅದರ ಬೆನ್ನಿಗೆ ನನ್ನ ಮುಷ್ಟಿಗಿಂತ ದೊಡ್ಡದಾದ ಒಂದು ಹತ್ತಿಯ ಮುದ್ದೆ ಬಂತು, ಬೀಜ ಸಮೇತ. ಆದೋನಿಯಲ್ಲಿ ಬೀಜ ಬಿಡಿಸದ ಹತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ಯಾರು ಎಂದು ಕೇಳಬೇಕಾದ ಅಗತ್ಯವಿರಲಿಲ್ಲ. ಉರುಕುಂದ ಪ್ಲಗ್ಗು ಹಾಕಿದ, ತಾವು ಕಟಕ್ಕೆಂದಿರಿ, ಬಾಗಿಲು ತೆರೆಯಿತು. ವೀರಬಸಮ್ಮ ಕೈ ಹಾಕಿ ಗಂಟು ತೆಗೆದು ಬಿಚ್ಚಿದಳು. ಒದ್ದೆ ಗಂಟು ಬಿಗಿದಿದ್ದರಿಂದ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಲಿಂಗ ಇದ್ದಂತೆಯೇ ಇತ್ತು. ಮೇಲಿನ ಕಪ್ಪು ಕಂತಿಯ ಲೇಪದಲ್ಲಿ ಒಂದು ಗೆರೆ ಬಿರುಕಿರಲಿಲ್ಲ. ಮಲ್ಲಿಗೆಯ ಸೋಪಿನ ವಾಸನೆ ಬರುತ್ತಿತ್ತು, ಅಷ್ಟೇ.

ಆಗ ನಾನು ತಮ್ಮ ಮೇಲೆ ಎರಡು ಒಳ್ಳೆಯ ಬೈಗುಳ ಪ್ರಯೋಗಿಸಿದೆ. ಉರುಕುಂದ ಕೈ ಒರೆಸಿಕೊಳ್ಳುತ್ತ, “ಮಿಷಿನ್‌ಗೆ ಯಾಕ ಬೈತೀರಿ ಸಾವ್ಕಾರ್ರ. ಈ ಹತ್ತಿ ಅಡ್ಡ ಬಂದಿದ್ದಕ್ಕ ನೀರು ನಿಂತೈತಿ. ನೀರು ನಿಂತಿದ್ದಕ್ಕ ಸ್ಪಿನ್ ಆಗಿಲ್ಲ. 1200 ಅಂತ ಇಲ್ಲೇ ಬರ್ದಾರ ನೋಡ್ರಿ, ನಿಮಿಷಕ್ಕ ಅಷ್ಟು ಸುತ್ತು. ಆ ಗಂಟು ಅದ್ರಾಗ ಸಿಕ್ಕಿದ್ರ ಒಳಗ ಏನ್ ಉಳೀತಿತ್ತು?” ಎಂದ. ನಾನು ಒತ್ತಿದ್ದ ಹನ್ನೊಂದು ಸಲಗಳು ಒಂದೊಂದಾಗಿ ನೆನಪಾದವು. ಲಿಂಗ ಭಿನ್ನವಾಗಿದ್ದರೆ ವೀರಬಸಮ್ಮ ಏನು ಮಾಡಿಕೊಳ್ಳುತ್ತಿದ್ದಳೋ ನನಗೆ ಗೊತ್ತಿಲ್ಲ, ಯೋಚಿಸಲೂ ಮನಸ್ಸಿಲ್ಲ. ನಾನು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಆಕೆ ಹೊಸ ದಾರ ಕಟ್ಟಿಕೊಂಡು, ಪೂಜೆ ಮುಗಿಸಿ, ಮಾತ್ರೆ ನುಂಗಿ, ಮೂರೂಕಾಲಿಗೆ ಒಂದು ರೊಟ್ಟಿ ಚಟ್ನಿಪುಡಿ ತಿಂದಳು. ನನಗೂ ಬಡಿಸಿದಳು, ಎದುರು ಕೂತು ತಿಂದೆ. ತಿಂದಾದ ಮೇಲೆ ಆ ಒದ್ದೆ ಮುದ್ದೆಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿದಳು. ನಲವತ್ತೆರಡು ವರ್ಷದ ಬೈಗುಳ ಒಟ್ಟಿಗೆ ಬರುತ್ತದೆಂದು ತಲೆ ತಗ್ಗಿಸಿದೆ. “ಎಳಿ ಹೆಂಗೈತಿ ನೋಡ್ರಿ” ಎಂದಳು. ಒಂದು ಚಿಟಿಕೆ ಹಿಂಡಿ ಎಳೆದು ನೋಡಿದೆ. ಅಷ್ಟು ಕಾಲ ನೀರಲ್ಲಿ ಕುದ್ದರೂ ಎಳೆ ತುಂಡಾಗಿರಲಿಲ್ಲ. ಒಳ್ಳೆ ಮಾಲು ಎಂದೆ. ಆಕೆ ಅದನ್ನು ಕಿಟಕಿಯಲ್ಲಿ ಒಣಗಿಸಿ, ಬೀಜ ತೆಗೆದು, ಬತ್ತಿ ಹೊಸೆದು, ಸಂಜೆ ದೇವರ ಮುಂದೆ ಹಚ್ಚಿದಳು. ಸೋಪಿನ ಹತ್ತಿಯಾದ್ದರಿಂದ ದೀಪ ಚಟಪಟ ಎನ್ನುತ್ತಲೇ ಉರಿಯಿತು.

ಹೀಗಿರುವುದರಿಂದ ತಮ್ಮ ಮೇಲಿನ ದೂರನ್ನು ನಾನು ಹಿಂತೆಗೆದುಕೊಳ್ಳಬೇಕೋ ಬೇಡವೋ ಎಂಬುದೇ ಬಗೆಹರಿಯದೆ ಮೂರು ದಿನದಿಂದ ತೊಳಲಾಡುತ್ತಿದ್ದೇನೆ. ಬಾಗಿಲು ತೆರೆಯದ್ದಕ್ಕೆ ತಮ್ಮನ್ನು ಶಪಿಸಲೇ, ನನ್ನ ಮಾತು ಕೇಳದ್ದಕ್ಕೆ ತಮ್ಮ ಕಾಲು ಹಿಡಿಯಲೇ? ಎರಡನ್ನೂ ಈ ಪತ್ರದಲ್ಲಿ ಮಾಡಿದ್ದೇನೆ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಕೆಳಗಿನ ಕೊಳವೆಯಿಂದ ಹೊರಗೆ ಬಿಡಿ. ಜೊತೆಗೆ ಕೆಲವು ಕೋರಿಕೆಗಳನ್ನೂ ಕಂಪನಿಗೆ ತಲುಪಿಸಬೇಕು. ಹದಿನಾಲ್ಕು ಗುಂಡಿಗಳ ಪಕ್ಕದಲ್ಲಿ ಹದಿನೈದನೆಯದಾಗಿ ‘ದೇವರು ಒಳಗಿದ್ದಾರೆ’ ಎಂಬುದೊಂದನ್ನು ಇಡಬೇಕು, ಅದನ್ನು ಒತ್ತಿದರೆ ತಾವು ತಣ್ಣೀರಿನಲ್ಲಿ ಮೆಲ್ಲಗೆ, ಬಲದಿಂದ ಎಡಕ್ಕೆ ತಿರುಗದೆ, ಪ್ರದಕ್ಷಿಣೆಯ ದಿಕ್ಕಿನಲ್ಲೇ ತಿರುಗಬೇಕು. ಅಗಳಿ ಹಾಕಿಕೊಳ್ಳುವ ಮೊದಲು ಮನೆಯ ಹೆಂಗಸರ ಒಪ್ಪಿಗೆಯನ್ನು ಕೇಳಬೇಕು, ಕೇಳುವುದನ್ನು ಕನ್ನಡದಲ್ಲೇ ಕೇಳಬೇಕು. ಕೈ ಬರುವ ಲಕ್ಷಣವಿದ್ದರೆ ಎಡಗೈ ಮೊದಲು ಬರಲಿ, ನನ್ನ ಹತ್ತಿಯೆಲ್ಲ ಎಡಜೇಬಿನಲ್ಲೇ ಇರುತ್ತದೆ.

ನನ್ನ ಕಡೆಯಿಂದ ತಪ್ಪುಗಾಣಿಕೆ ಸಲ್ಲಿಸಿದ್ದೇನೆ. ಮಂಗಳವಾರ ತಮ್ಮ ಫಿಲ್ಟರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದೆ, ರಬ್ಬರನ್ನು ಒರೆಸಿದೆ, ಪುಡಿ ಹಾಕಿ ಖಾಲಿ ತಿರುಗಿಸಿದೆ. ತ್ರಿವೇಣಿಯ ಹಾಳೆಯ ಪ್ರತಿ ಸಾಲಿನ ಎದುರಿಗೂ ಗುರುತು ಹಾಕಿ ಸಹಿ ಮಾಡಿದೆ. ಆಮೇಲೆ ಯಾರ್ಡಿನಿಂದ ಬಂದು ಬಿಚ್ಚಿದ ಜುಬ್ಬವನ್ನು ತಮಗೆ ಒಪ್ಪಿಸುವ ಮೊದಲು ವೀರಬಸಮ್ಮನ ಕೈಗೆ ಕೊಟ್ಟೆ. ಆಕೆ ಮಾರೆಮ್ಮನಂತೆಯೇ ಜೇಬಿಗೆ ಕೈ ಹಾಕಿ ಹತ್ತಿಯನ್ನೆಲ್ಲ ಹೊರಗೆ ತೆಗೆದಳು, ಬೀಜ ಬಿಡಿಸಿ ಬತ್ತಿಯ ಡಬ್ಬಿಗೆ ಹಾಕಿದಳು. ಆಮೇಲೆ ಏನೋ ನೆನೆಸಿಕೊಂಡು, ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮತ್ತೆ ಆ ಜೇಬಿನೊಳಗೇ ಇಟ್ಟಳು. ಯಾಕೆ ಎಂದು ಕೇಳಿದೆ. “ಇಷ್ಟು ಇರ್ಲಿ ಬಿಡ್ರಿ” ಎಂದಳು.

ಇನ್ನು ಮುಂದೆ ತಾವು ಕೆಟ್ಟು ನಿಂತರೆ ಅದಕ್ಕೆ ನನ್ನ ಅಜಾಗರೂಕತೆ ಕಾರಣವಲ್ಲ, ಆಕೆಯ ಭಕ್ತಿ ಕಾರಣ ಎಂಬುದನ್ನು ಮುಂಚಿತವಾಗಿಯೇ ತಮ್ಮ ಅವಗಾಹನೆಗೆ ತಂದಿದ್ದೇನೆ.

ಇಂತು,
ಹನ್ನೊಂದು ಸಲ ಮಾತು ಕೇಳಿಸಿಕೊಳ್ಳದ ತಮಗೆ ಜನ್ಮಪೂರ್ತಿ ಋಣಿಯಾಗಿ, ಹಾರೆಯನ್ನು ಮಾತ್ರ ಕೈಗೆಟುಕುವಲ್ಲೇ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಸಿದ್ದಬಸಪ್ಪ

ಮರೆತ ಮಾತು: ಸಹಾಯವಾಣಿಯವರು ಹೇಳಿದ ಮನುಷ್ಯ ಬುಧವಾರ ಬಂದಿದ್ದ. ಚೊಕ್ಕಟವಾಗಿದ್ದ ಫಿಲ್ಟರನ್ನು ಬಿಚ್ಚಿ ಹಾಕಿ, ‘ಗ್ರಾಹಕರ ತಪ್ಪು’ ಎಂದು ಬರೆದುಕೊಂಡು, ಗಾಜಿನ ಮೇಲಿನ ವಿಭೂತಿಯನ್ನು ಒರೆಸಲು ಹೋಗಿ ವೀರಬಸಮ್ಮನಿಂದ ಬೈಸಿಕೊಂಡು, ಫೋನಿನಲ್ಲಿ ಐದು ನಕ್ಷತ್ರ ಒತ್ತಿ ಎಂದು ಕೇಳಿ ಹೋದ. ಐದನ್ನೂ ಉರುಕುಂದನಿಗೆ ಕೊಟ್ಟಾಗಿದೆ, ತಮ್ಮ ಕಂಪನಿಯವರು ಬೇಕಿದ್ದರೆ ಅವನನ್ನು ಕೇಳಿ ಪಡೆಯಬಹುದು.

ಮತ್ತೊಂದು: ಈ ಪತ್ರವನ್ನು ನಾಳೆ ಒಗೆಯಬೇಕಾದ ಜುಬ್ಬದ ಎಡಜೇಬಿನಲ್ಲಿ ಮಡಿಚಿಟ್ಟಿದ್ದೇನೆ. ತಮ್ಮ ಬಾಯಿಗೆ ಬರುವ ಮೊದಲು ಅದು ಯಾರ ಕೈಗೆ ಸಿಗುತ್ತದೆ ಎಂಬುದು ನನಗೆ ಗೊತ್ತಿದೆ. ಇದರಲ್ಲಿರುವ ಬೈಗುಳಗಳೆಲ್ಲ ತಮಗೆ, ಉಳಿದದ್ದು ಆಕೆಗೆ.